ಶನಿವಾರ ಅವಳು ಹೋಗುವ ಕಡೆ

ಗಡ್ಡನ ದವಡೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದಾಗ ಡಾಕ್ಟರನಿಗೆ ಮೊದಲು ಆದದ್ದು ಸಂತೋಷ. ಕೆಳಗಿನ ಬಲದವಡೆಯ ಹಿಂದಿನ ಹಲ್ಲು ಬುಡದವರೆಗೆ ಹಾಳಾಗಿತ್ತು. ಬೇರಿನ ತುದಿಯಲ್ಲಿ ಕೀವು ಕಟ್ಟಿದ ಕಡೆ ಕಪ್ಪಗೆ ಒಂದು ಗುಂಡನೆಯ ಮಚ್ಚೆ. ಈ ಮನುಷ್ಯ ಇಷ್ಟು ದಿನ ಇದನ್ನು ಹೇಗೆ ಸಹಿಸಿಕೊಂಡಿದ್ದನೋ. ತನ್ನ ಹೆಂಡತಿ ಮಾತುಮಾತಿಗೆ ಹೊಗಳುವ ತಲೆಯ ಕೆಳಗೇ, ಬೆರಳಗಲದ ದೂರದಲ್ಲಿ, ಹೀಗೊಂದು ಕೊಳೆತ ಜಾಗ ಯಾರಿಗೂ ಗೊತ್ತಾಗದೆ ಬೆಳೆಯುತ್ತಿತ್ತು ಎಂಬುದು ಅವನಿಗೆ ಗುಟ್ಟಾಗಿ ಸಿಕ್ಕ ಉಡುಗೊರೆಯಂತೆ ಕಂಡಿತು. ಆಮೇಲೆ ನಾಚಿಕೆಯಾಯಿತು. ಹಲ್ಲಿನ ಡಾಕ್ಟರನಾಗಿ ಇಷ್ಟು ವರ್ಷ ಎಷ್ಟೋ ಜನರ ಬಾಯೊಳಗೆ ಇಣುಕಿದ್ದರೂ ಒಬ್ಬರ ನೋವು ನೋಡಿ ಹೀಗೆ ಒಳಗೊಳಗೇ ಹಿಗ್ಗಿದ್ದಿಲ್ಲ. ಕುರ್ಚಿಯಲ್ಲಿ ಅಂಗಾತ ಮಲಗಿದ್ದ ಗಡ್ಡ ಕಣ್ಣು ಮುಚ್ಚಿಕೊಂಡಿದ್ದ. ಕೆನ್ನೆ ಊದಿ, ಮುಖ ಒಂದು ಕಡೆಗೆ ವಾಲಿ, ಬೇರೆ ಯಾರೋ ಬಂದು ಮಲಗಿದ ಹಾಗಿತ್ತು. ಕೀಳಲೇಬೇಕಾ ಎಂದು ಕೇಳಿದ. ಕೀಳಲೇಬೇಕು ಎಂದು ಅವನು ಹೇಳಿದ್ದು, ಡಾಕ್ಟರು ಹೇಳಬೇಕಾದ್ದಕ್ಕಿಂತ ಒಂದು ಗಳಿಗೆ ಬೇಗನೆ.

ಗಡ್ಡ ಎಂದು ಹೆಸರಿಟ್ಟವರು ಅತ್ತೆ. ಮದುವೆಯಾದ ಹೊಸತರಲ್ಲಿ ಹೆಂಡತಿ ತನ್ನ ಸಂಸ್ಥೆಯ ಈ ಸಹೋದ್ಯೋಗಿಯನ್ನು ಮೊದಲ ಸಲ ಊಟಕ್ಕೆ ಕರೆತಂದಾಗ ಅವನಿಗೆ ಎದೆಯವರೆಗೆ ಇಳಿಬಿದ್ದ ಗಡ್ಡವಿತ್ತು. ಅತ್ತೆ ಅಂದಿನಿಂದ ಮಗಳನ್ನು ಕೇಳುತ್ತಿದ್ದದ್ದು ಒಂದೇ: ನಿನ್ನ ಗಡ್ಡ ಇವತ್ತು ಬರಲ್ವಾ? ಕೂದಲು ನರೆಯತೊಡಗಿದ ವರ್ಷವೇ ಆ ಮನುಷ್ಯ ನುಣ್ಣಗೆ ಬೋಳಿಸಿಕೊಂಡುಬಿಟ್ಟ; ಹೆಸರು ಮಾತ್ರ ಅಂಟಿಕೊಂಡು ಉಳಿಯಿತು. ಗಡ್ಡ ಎಂಬ ಮಾತಿಗಿಂತ ಅದರ ಹಿಂದಿನ 'ನಿನ್ನ' ಎಂಬ ಮಾತು ಗಂಡನಾದ ಅವನನ್ನು ಚುಚ್ಚುತ್ತಿತ್ತು. ಅತ್ತೆಗೆ ಅಳಿಯನ ಮೇಲೆ ಪ್ರೀತಿ ಕಡಿಮೆಯೇನಿರಲಿಲ್ಲ. ಹಲ್ಲೆಲ್ಲ ಬಿದ್ದಾಗ ಅವನೇ ಕೂತು, ಮೂರು ಸಲ ಅಳತೆ ತೆಗೆದು, ಒಸಡಿಗೆ ಒತ್ತದ ಹಾಗೆ ಅವರಿಗೊಂದು ಹಲ್ಲುಸೆಟ್ಟು ಮಾಡಿಕೊಟ್ಟಿದ್ದ. ಆದರೆ ಅವನು ಮಾಡಿಕೊಟ್ಟ ಆ ಹಲ್ಲುಗಳು ಅತ್ಯಂತ ಚೆಂದವಾಗಿ ನಗುತ್ತಿದ್ದದ್ದು ಗಡ್ಡ ಏನಾದರೂ ಹೇಳಿದಾಗ. ಊಟದ ಮೇಜಿನ ಈ ತುದಿಯಲ್ಲಿ ಕೂತು ತನ್ನದೇ ಕೈಕೆಲಸ ಇನ್ನೊಬ್ಬನ ಮಾತಿಗೆ ಹೊಳೆಯುವುದನ್ನು ಅವನು ನೋಡುತ್ತಿದ್ದ. ಹೆಂಡತಿಯೂ ನಗುತ್ತಿದ್ದಳು, ಅವಳ ಹಲ್ಲು ಹುಟ್ಟಿನಿಂದಲೇ ಚೆನ್ನಾಗಿದ್ದವು, ಅವನು ಮುಟ್ಟುವಂಥದ್ದು ಅಲ್ಲೇನೂ ಇರಲಿಲ್ಲ.

ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹತ್ತಿ ಒತ್ತಿ, ಸ್ವಲ್ಪ ಹೊತ್ತು ಕಾಯಬೇಕು ಎಂದ. ಶನಿವಾರ ಮಧ್ಯಾಹ್ನ ಅವನ ಕ್ಲಿನಿಕ್ಕು ಮುಚ್ಚಿರುತ್ತದೆ. ನರ್ಸಮ್ಮ ಬೀಗ ಹಾಕುವ ಹೊತ್ತಿಗೆ ಗಡ್ಡ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದ. ಅವಳು ಗೊಣಗುತ್ತಲೇ ಚೀಲ ಕೆಳಗಿಟ್ಟು ಸಲಕರಣೆ ಜೋಡಿಸುತ್ತಿದ್ದಳು. ಕಿಟಕಿಯ ಹೊರಗೆ ಬಸ್ಸುಗಳು ನಿಂತು ನಿಂತು ಹೋಗುತ್ತಿದ್ದವು. ಕಾಯುವ ಕೋಣೆಯ ಗೋಡೆಯ ಮೇಲೆ ನರ್ಸಮ್ಮ ಅಭಿಮಾನದಿಂದ ಚೌಕಟ್ಟು ಹಾಕಿಸಿ ತೂಗಿಸಿದ್ದ ಪತ್ರಿಕೆಯ ಪುಟ ಇಲ್ಲಿಂದಲೇ ಕಾಣುತ್ತಿತ್ತು. ಅದರಲ್ಲಿ ಅವನ ಹೆಂಡತಿ ಮತ್ತು ಗಡ್ಡ ಒಂದು ಬೋರ್ಡಿನ ಮುಂದೆ ನಿಂತಿದ್ದಾರೆ. ಅವಳ ಕೈ ಏನನ್ನೋ ತೋರಿಸುತ್ತಿದೆ, ಗಡ್ಡ ಅವಳ ಕೈಯನ್ನು ನೋಡುತ್ತಿದ್ದಾನೆ. ಮೇಲೆ ದಪ್ಪಕ್ಷರದಲ್ಲಿ: ಇಬ್ಬರು, ಒಂದೇ ಯೋಚನೆ. ಹಲ್ಲುನೋವಿನವರು ಬೇಸರಕ್ಕೆ ಅದನ್ನು ಓದಿ ಒಳಗೆ ಬಂದು ಕೇಳುತ್ತಿದ್ದರು, ಇವರು ನಿಮ್ಮ ಮನೆಯವರಾ ಡಾಕ್ಟ್ರೇ, ಪಕ್ಕದವರು ಯಾರು? ಅವನು ಬಾಯಿ ಅಗಲಿಸಿ ಎನ್ನುತ್ತಿದ್ದ. ತೆಗೆಸು ಎಂದು ನರ್ಸಮ್ಮನಿಗೆ ಹೇಳಲು ಅವನಿಗೆ ಎಂದೂ ಬಾಯಿ ಬರಲಿಲ್ಲ. ಹೇಳಿದರೆ ಯಾಕೆ ಎಂದು ಅವಳು ಕೇಳುವಳು.

ಆ ಒಂದೇ ಯೋಚನೆ ಮೊದಲು ಬಂದದ್ದು ಅವನ ಮನೆಯ ಊಟದ ಮೇಜಿನ ಮೇಲೆ ಎಂಬುದು ಪತ್ರಿಕೆಯಲ್ಲಿ ಇರಲಿಲ್ಲ. ಅವಳಾಗ ಸಂಸ್ಥೆಯಲ್ಲಿ ಗಣಿತದ ಕಿರಿಯ ಅಧ್ಯಾಪಕಿ. ಅಲ್ಲಿಗೆ ಕೋಣೆ ತುಂಬುವಷ್ಟು ದೊಡ್ಡ ಕಂಪ್ಯೂಟರ್ ಬಂದಾಗ ಉಳಿದ ಅಧ್ಯಾಪಕರು ಅದು ಲೆಕ್ಕ ಮಾಡುವ ಗುಮಾಸ್ತ ಎಂದು ಮೂಗು ಮುರಿದಿದ್ದರು. ಅದರ ಉಸಾಬರಿಯನ್ನು ಕಿರಿಯಳೆಂದು ಅವಳ ತಲೆಗೆ ಕಟ್ಟಿದರು. ಬೆಳಿಗ್ಗೆ ಗಣಿತದ ಸಾಧನೆಗಳನ್ನು, ಅಂದರೆ ಪ್ರಮೇಯಗಳ ರುಜುವಾತುಗಳನ್ನು, ಪಾಠ ಮಾಡುವುದು, ಮಧ್ಯಾಹ್ನ ಯಂತ್ರಕ್ಕೆ ಪ್ರೋಗ್ರಾಮ್ ಬರೆಯುವುದು. ಒಂದು ಸಂಜೆ ಬಂದವಳು ಚೀಲವನ್ನೂ ಇಳಿಸದೆ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಚಮಚ, ಲೋಟ ಸಾಲಾಗಿ ಇಡತೊಡಗಿದಳು. ಸಾಧನೆ, ಪ್ರೋಗ್ರಾಮು, ಎರಡೂ ಒಂದೇ ರೀ, ಎಂದಳು. ನಿಮ್ಮನ್ನೇ ತಗೊಳ್ಳಿ, ನಿಮ್ಮ ಹತ್ರ ಕೆಟ್ಟ ಬಾಯಿ ಬರುತ್ತೆ, ಸರಿ ಇರೋ ಬಾಯಿ ಹೋಗುತ್ತೆ. ಮಧ್ಯೆ ನೀವು ಮಾಡೋದನ್ನೆಲ್ಲ ಒಂದೂ ಬಿಡದೆ ಬರೆದಿಟ್ರೆ ಅದು ಪ್ರೋಗ್ರಾಮು. ಅದೇ ಬರಹ, ಯಾವ ಕೆಟ್ಟ ಬಾಯಿಂದಾದ್ರೂ ಒಂದು ಒಳ್ಳೆ ಬಾಯಿಗೆ ಹೋಗಬಹುದು ಅನ್ನೋ ಮಾತಿಗೆ ಸಾಧನೆ. ಎಲ್ಲ ಬಾಯೂ ಸರಿಹೋಗಲ್ಲ ಎಂದಿದ್ದ ಅವನು. ಹಾಗಾದ್ರೆ ನಿಮ್ಮದು ಸಾಧನೆ ಅಲ್ಲ ಎಂದು ಅವಳು ಚಮಚದಿಂದ ಅವನ ಮೊಣಕೈಗೆ ತಟ್ಟಿ ನಕ್ಕಿದ್ದಳು. ಎಷ್ಟು ಹತ್ತಿರ ಇದ್ದಳು ಆಗ. ಅವನು ಕೇಳಿದ್ದು ಒಂದೇ ಪ್ರಶ್ನೆ. ಕೆಟ್ಟ ಮನಸ್ಸಿನಿಂದಲ್ಲ, ಇಡೀ ದಿನ ನಿಂತು ಸೊಂಟ ಹಿಡಿದುಕೊಂಡಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು: ಸರಿ, ಇದರಿಂದ ಏನು ಉಪಯೋಗ? ಅವಳು ಉಪ್ಪಿನ ಡಬ್ಬಿಯನ್ನು ಅದರ ಜಾಗಕ್ಕಿಟ್ಟು ಊಟ ಬಡಿಸಿದಳು. ಮುಖ ಸಪ್ಪಗೆ ಮಾಡಿಕೊಳ್ಳಲಿಲ್ಲ, ಮುನಿಸಿಕೊಳ್ಳಲಿಲ್ಲ, ಮುನಿಸಿಕೊಂಡಿದ್ದರೆ ಚೆನ್ನಾಗಿತ್ತು. ಮುಂದೆ ಎಂದೋ ಗಡ್ಡ ನೆನಪಿಸಿಕೊಂಡು ಹೇಳಿದ್ದ, ಮಾರನೆಯ ದಿನ ಇವಳು ಅದನ್ನೇ ತನಗೆ ಹೇಳಿದಾಗ ಸಂಜೆಯವರೆಗೆ ಬೇರೆ ಕೆಲಸ ಮುಟ್ಟದೆ ಕೂತುಬಿಟ್ಟಿದ್ದನಂತೆ.

ಅಲ್ಲಿಂದ ಅವಳ ದಾರಿ ಬೇರೆಯಾಯಿತು. ಇಬ್ಬರೂ ಸೇರಿ ಗಣಿತದ ಸಾಧನೆಗಳಲ್ಲಿ ತಪ್ಪು ಹುಡುಕುವ ಒಂದು ಯಂತ್ರಭಾಷೆಯನ್ನೇ ಕಟ್ಟಿದರು. ದೊಡ್ಡ ದೊಡ್ಡ ಪಂಡಿತರು ಕಣ್ಣುಮುಚ್ಚಿ ಒಪ್ಪಿಕೊಂಡಿದ್ದ, ಯಾರೂ ಪೂರ್ತಿ ಓದದ ಒಂದು ಸಾಧನೆಯನ್ನು ಅದರೊಳಗೆ ಹಾಕಿದಾಗ ನಡುವೆ ಒಂದು ಕಡೆ ಹೆಜ್ಜೆಯೇ ಇಲ್ಲ ಎಂದು ಯಂತ್ರ ತಡೆದು ನಿಲ್ಲಿಸಿತು. ಅದನ್ನು ಇವರೇ ಸರಿಪಡಿಸಿಕೊಟ್ಟರು. ಆಮೇಲೆ ರೈಲಿನ ಸಿಗ್ನಲ್ಲು ನಡೆಸುವ ಪ್ರೋಗ್ರಾಮು ಎಂದೂ ಎರಡು ಗಾಡಿಗಳನ್ನು ಒಂದೇ ಹಳಿಗೆ ಬಿಡದು ಎಂದು ಸಾಧಿಸಿ ತೋರಿಸಿದರು. ಉಪಯೋಗ ಏನು ಎಂಬುದಕ್ಕೆ ಉತ್ತರ ಹಾಗೆ ಊರೆಲ್ಲ ಓಡಾಡತೊಡಗಿತು. ಪ್ರಶ್ನೆ ಕೇಳಿದವನಿಗೆ ಮಾತ್ರ ಯಾರೂ ತಂದು ಹೇಳಲಿಲ್ಲ. ಅವನಿಗೆ ಬಂದದ್ದು ಶನಿವಾರಗಳು. ವಾರದ ದಿನ ಪಾಠದ ಗಲಾಟೆ, ಆದ್ದರಿಂದ ಶನಿವಾರ ಮಧ್ಯಾಹ್ನ ಗಡ್ಡನ ರೂಮಿನಲ್ಲಿ ಕೆಲಸ ಎಂದು ಅವಳು ಊಟ ಮುಗಿಸಿ ಹೊರಡುವಳು. ಕತ್ತಲಾಗುವ ಹೊತ್ತಿಗೆ ಯಾವುದೋ ಬಿಸಿಲಲ್ಲಿ ನಡೆದು ಬಂದವಳಂತೆ ಕೆಂಪಗಾಗಿ, ಹಗುರಾಗಿ ಬರುವಳು. ಅವನು ಹೋಗ್ಬಾ ಎನ್ನುವನು. ಬಂದೆಯಾ ಎನ್ನುವನು. ನಡುವಿನ ಹೊತ್ತೆಲ್ಲ ಗಡಿಯಾರ ನೋಡುತ್ತಿರುವನು. ಕೆಟ್ಟದ್ದೇನೋ ನಡೆಯುತ್ತದೆ ಎಂದು ಅವನು ನಂಬಿದ್ದನೇ? ಇಲ್ಲ, ನಂಬಿದ್ದರೆ ಸುಲಭವಾಗುತ್ತಿತ್ತು. ಅವಳ ಗಣಿತದ ಪಂಗಡದವರಿಗೆ ಒಂದು ಹಟವಿದೆ ಎಂದು ಅವಳೇ ಒಮ್ಮೆ ಹೇಳಿದ್ದಳು: ಒಂದು ವಸ್ತು ಇದೆ ಎನ್ನುವವನು ಅದನ್ನು ತಂದು ಕೈಯಲ್ಲಿಟ್ಟು ತೋರಿಸಬೇಕು, ಇಲ್ಲದೇ ಇರಲು ಸಾಧ್ಯವಿಲ್ಲ ಎಂದರೆ ಸಾಲದು. ಅವನ ಕೈಯಲ್ಲಿ ತೋರಿಸಲು ಎಂದೂ ಏನೂ ಇರಲಿಲ್ಲ. ಇಲ್ಲದೇ ಇರಲು ಸಾಧ್ಯವಿಲ್ಲ ಎಂಬುದೊಂದೇ ಅವನ ಬಳಿ ಇದ್ದದ್ದು, ಅದರ ಮೇಲೇ ಅವನು ಇಷ್ಟು ವರ್ಷ ಮಲಗಿ ಎದ್ದಿದ್ದ.

ಇವತ್ತೂ ಶನಿವಾರ. ಇವತ್ತೂ ಅವಳು ಹೊರಟಿದ್ದಳು. ಅದು ನೆನಪಾಗಿ ಅವನು, ಗಡ್ಡನ ಮುಖ ನೋಡದೆ, ಗ್ಲೌಸಿನ ಬೆರಳು ಸರಿಮಾಡಿಕೊಳ್ಳುತ್ತ ಹೇಳಿದ:

"ಅವಳು ನಿಮ್ಮ ರೂಮಲ್ಲಿ ಕಾಯ್ತಿರ್ತಾಳೆ. ಫೋನ್ ಮಾಡಿ ತಿಳಿಸ್ತೀನಿ."

ಗಡ್ಡ ಕಣ್ಣು ತೆರೆದ. ಅರ್ಧ ತುಟಿ ಆಗಲೇ ಮರಗಟ್ಟಿತ್ತು. ಮಾತು ಜೊಲ್ಲಿನ ಜೊತೆ ಬಂತು.

"ಯಾರು, ನಿಮ್ಮ ಮನೆಯವ್ರಾ? ಅವರು ನನ್ನ ರೂಮಿಗೆ ಬಂದು ವರ್ಷದ ಮೇಲಾಯ್ತಲ್ಲ ಡಾಕ್ಟ್ರೇ. ಮನೇಲೇ ಕೂತು ಮಾಡ್ತೀನಿ ಅಂದ್ರು. ನಾನೂ ಸರಿ ಅಂದೆ. ಮನೆ ಅಂದ್ಮೇಲೆ ನೀವಿರ್ತೀರ."

ನರ್ಸಮ್ಮ ತಟ್ಟೆಯಲ್ಲಿ ಇಕ್ಕಳ ಇಟ್ಟ ಸದ್ದಾಯಿತು. ಒಂದು ನಿಮಿಷ ಬಂದೆ ಎಂದು ಅವನು ಕಾಯುವ ಕೋಣೆ ದಾಟಿ ಮೆಟ್ಟಿಲಿನ ಹತ್ತಿರ ಹೋದ. ಹೆಂಡತಿಗೆ ಫೋನು ಮಾಡಿದ. ಅವಳು ಎತ್ತಿಕೊಂಡಳು. ಎಲ್ಲಿದೀಯ ಎಂದು ಕೇಳಿದ. ಮದುವೆಯಾದಂದಿನಿಂದ ಶನಿವಾರ ಮಧ್ಯಾಹ್ನ ಅವನು ಕೇಳಿದ ಮೊದಲ ಪ್ರಶ್ನೆ ಅದು.

"ಇಲ್ಲೇ, ಅವರ ರೂಮಲ್ಲಿ," ಎಂದಳು. "ಮಧ್ಯದಲ್ಲಿದೀವಿ ರೀ. ಆಮೇಲೆ ಮಾಡ್ಲಾ?"

ಮಾಡು ಎಂದ. ಬಾಗಿಲ ಸಂದಿನಲ್ಲಿ ಗಡ್ಡನ ಚಪ್ಪಲಿ ಹಾಕಿದ ಕಾಲು, ಬೆರಳನ್ನು ಸುಮ್ಮನೆ ಅಲ್ಲಾಡಿಸುತ್ತಿರುವ ಕಾಲು, ಅವನಿಗೆ ಕಾಣುತ್ತಿತ್ತು.

ಹಲ್ಲು ಕೀಳುವುದು ಬಲದ ಕೆಲಸವಲ್ಲ, ತಾಳ್ಮೆಯದು ಎಂದು ಅವನು ಕಿರಿಯ ಡಾಕ್ಟರುಗಳಿಗೆ ಹೇಳಿಕೊಡುತ್ತಿದ್ದ. ಅತ್ತ ಸ್ವಲ್ಪ, ಇತ್ತ ಸ್ವಲ್ಪ, ಹಲ್ಲು ತಾನೇ ಹೊರಡಲು ಒಪ್ಪುವವರೆಗೆ. ಕೀವು ತುಂಬಿದ ಕಡೆ ಮದ್ದು ಚೆನ್ನಾಗಿ ಹತ್ತುವುದಿಲ್ಲ, ಇನ್ನೊಂದು ಇಂಜೆಕ್ಷನ್ ಬೇಕಾದೀತು ಎಂದು ಅವನಿಗೆ ಗೊತ್ತಿತ್ತು. ನೋವಾದರೆ ಎಡಗೈ ಎತ್ತಿ ಎಂದು ಗಡ್ಡನಿಗೆ ಹೇಳಿದ್ದೂ ಅವನೇ. ಗಡ್ಡ ಎಡಗೈ ಎತ್ತಿದ. ಅವನು ನೋಡಿದ. ನೋಡಿಯೂ ಇಕ್ಕಳವನ್ನು ಇನ್ನೊಂದು ಸಲ ಹೊರಕ್ಕೆ ಬಾಗಿಸಿದ. ಎಷ್ಟು ಹೊತ್ತು? ಒಂದು ಉಸಿರಿನಷ್ಟು ಇರಬೇಕು. ಆ ಒಂದು ಉಸಿರಿನಲ್ಲಿ ಇಕ್ಕಳ ಹಿಡಿದ ಕೈ ಕೇಳುತ್ತಿದ್ದದ್ದು ಎಲ್ಲಿ ಅವಳು, ಎಲ್ಲಿ ಎಂದು. ಕೆಳಗೆ ಮಲಗಿದ್ದವನಿಗೂ ಅದು ಗೊತ್ತಿರಲಿಲ್ಲ, ಅವನೂ ಮೋಸ ಹೋದವನೇ ಎಂಬುದು ತಿಳಿದೂ ಕೈ ಕೇಳುತ್ತಿತ್ತು. ಗಡ್ಡನ ಗಂಟಲಿನಿಂದ ಒಂದು ಸದ್ದು ಬಂತು. ನರ್ಸಮ್ಮ ಅವನತ್ತ ನೋಡಿದಳು, ಇಷ್ಟು ವರ್ಷದಲ್ಲಿ ಹಾಗೆಂದೂ ನೋಡಿರದವಳು. ಅವನು ಕೈ ತೆಗೆದು, ಎರಡನೆಯ ಇಂಜೆಕ್ಷನ್ ತುಂಬಿಸಿಕೊಂಡ. ಎಲ್ಲ ಮುಗಿದು ಹೊಲಿಗೆ ಹಾಕಿ, ವಾರವಿಡೀ ರಜೆ ಹಾಕಿ ಮನೆಯಲ್ಲಿರಿ, ಹೆಚ್ಚು ಮಾತಾಡಬೇಡಿ, ವಾರ ಕಳೆದು ಸೋಮವಾರ ಬನ್ನಿ, ಹೊಲಿಗೆ ತೆಗೆಯೋಣ ಎಂದ. ಗಡ್ಡ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ. ಬಾಯಿ ತುಂಬ ಹತ್ತಿ ಕಚ್ಚಿಕೊಂಡಿದ್ದರಿಂದ ಕೃತಜ್ಞತೆಯನ್ನು ಕಣ್ಣಲ್ಲೇ ಹೇಳಿದ.

ಆ ಸಂಜೆ ಅವಳು ಎಂದಿನಂತೆ ಕೆಂಪಗೆ, ಹಗುರಾಗಿ ಬಂದಳು. ನಿನ್ನ ಗಡ್ಡ ಹೇಗಿದ್ದಾನೆ ಎಂದು ಅತ್ತೆ ಕೇಳಿದರು. ಚೆನ್ನಾಗಿದ್ದಾರಮ್ಮ, ನಿನ್ನ ಕೇಳಿದ್ರು ಎಂದು ಅವಳು ಕಾಲು ತೊಳೆಯಲು ಹೋದಳು. ಎಷ್ಟು ಸರಾಗವಾಗಿ. ಅವನು ಪತ್ರಿಕೆ ಮುಖಕ್ಕೆ ಹಿಡಿದುಕೊಂಡು ಕೂತಿದ್ದ. ಇವತ್ತು ಹೇಳಿಬಿಟ್ಟರೆ ಅವಳು ಒಂದು ಉತ್ತರ ಕೊಡುವಳು, ಆ ಉತ್ತರದ ಜೊತೆ ಇನ್ನುಳಿದ ಆಯುಷ್ಯವನ್ನೆಲ್ಲ ಬಾಳಬೇಕು. ಆ ವಾರ ರೋಗಿಗಳ ಬಾಯಲ್ಲಿ ಕೈಯಿಟ್ಟುಕೊಂಡೇ ಅವನು ಮನಸ್ಸಿನಲ್ಲಿ ಗಂಡಸರನ್ನು ಹುಡುಕಿದ. ಸಂಸ್ಥೆಯ ನಿರ್ದೇಶಕ? ಬೊಕ್ಕತಲೆ, ಮಾತೆತ್ತಿದರೆ ಸಕ್ಕರೆ ಕಾಯಿಲೆ. ರೈಲಿನ ಕಡೆಯ ಆ ಎಂಜಿನಿಯರು? ವಯಸ್ಸಿನಲ್ಲಿ ತೀರ ಚಿಕ್ಕವನು, ಚಿಕ್ಕವನಾದರೇನು. ಯಾವ ಮುಖವನ್ನು ತಂದು ನಿಲ್ಲಿಸಿದರೂ ಅವಳ ಪಕ್ಕದಲ್ಲಿ ಅದು ನಿಲ್ಲುತ್ತಿರಲಿಲ್ಲ, ಜಾರಿ ಗಡ್ಡನ ಮುಖವೇ ಬಂದು ನಿಲ್ಲುತ್ತಿತ್ತು. ಅವನಿಗೆ ವಿಚಿತ್ರವೆನಿಸಿದ್ದು, ಗಡ್ಡನಲ್ಲ ಎಂದಮೇಲೆ ತನಗಾದದ್ದು ನೆಮ್ಮದಿಯಲ್ಲ, ಒಂದು ಬಗೆಯ ಅನಾಥತನ. ಹಳೆಯ ನೋವಿಗೆ ಒಂದು ಜಾಗವಾದರೂ ಇತ್ತು. ನಾಲಿಗೆ ತಾನಾಗಿ ಹೋಗಿ ಮುಟ್ಟಿ ಬರುತ್ತಿತ್ತು. ಈಗ ದವಡೆಯೆಲ್ಲ ನೋವು, ಯಾವ ಹಲ್ಲೆಂದು ತಿಳಿಯದು.

ಮುಂದಿನ ಶನಿವಾರ ಅವನು ಅವಳ ಹಿಂದೆ ಹೋದ. ತನ್ನ ವಯಸ್ಸಿಗೆ, ಹೊಟ್ಟೆಗೆ, ಊರೆಲ್ಲ ಗುರುತಿರುವ ಡಾಕ್ಟರ್ ಎಂಬುದಕ್ಕೆ ಅದು ಎಂಥ ಅವಮಾನವೆಂದು ಪ್ರತಿ ಅಂಗಡಿಯ ಗಾಜೂ ಅವನಿಗೆ ತೋರಿಸಿಕೊಟ್ಟಿತು. ಔಷಧಿ ಅಂಗಡಿಯವನು ನಮಸ್ಕಾರ ಡಾಕ್ಟ್ರೇ, ಏನು ಈ ಕಡೆ ನಡ್ಕೊಂಡು ಎಂದಾಗ, ಡಾಕ್ಟರು ನಡೀಬೇಕು ಅಂದಿದಾರೆ ಎಂದುಬಿಟ್ಟ. ಅಂಗಡಿಯವನು ಅದನ್ನು ಹಾಸ್ಯವೆಂದು ತಿಳಿದು ಬಿದ್ದುಬಿದ್ದು ನಕ್ಕ. ಅವಳು ಹಿಂದಿರುಗಿ ನೋಡಲಿಲ್ಲ. ಸಂಸ್ಥೆಗೆ ಹೋಗುವ ತಿರುವನ್ನು ದಾಟಿದಳು. ಗ್ಯಾರೇಜುಗಳ ಬೀದಿ ಹಿಡಿದಳು. ಟೈರು ಮಾರುವ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದಳು, ಎಷ್ಟೋ ದಿನದ ಅಭ್ಯಾಸವಿರುವವಳಂತೆ ಬಗ್ಗಿ, ಮೇಲಿನ ತೊಲೆ ತಲೆಗೆ ತಾಗದ ಹಾಗೆ. ಮೆಟ್ಟಿಲ ಬಾಯಲ್ಲಿ ಬೋರ್ಡು: ಡ್ರೈವಿಂಗ್ ಶಾಲೆ. ಅವನಿಗೆ ಆಗ ನೆನಪಾಯಿತು, ಕಾರು ಕಲಿಯುತ್ತೇನೆ ಎಂದು ಅವಳು ಹಟ ಹಿಡಿದದ್ದು, ನಾನು ಬಿಡ್ತೀನಲ್ಲ ಎಲ್ಲಿ ಬೇಕೋ ಅಲ್ಲಿ ಎಂದು ಅವನು ಅಂದದ್ದು, ಒಂದಷ್ಟು ದಿನ ಹೋಗಿ ಬಂದು ಅವಳೇ ಅದನ್ನು ಬಿಟ್ಟದ್ದು. ಕಲಿಸುವವನು ಯಾರೋ ಎಂದು ಅವನು ಆಗ ವಿಚಾರಿಸಿರಲಿಲ್ಲ. ಟೈರುಗಳ ರಬ್ಬರಿನ ವಾಸನೆಯಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಹತ್ತಿದ. ತೊಲೆ ಅವನ ತಲೆಗೆ ತಾಗಿತು.

ಬಾಗಿಲು ಓರೆಯಾಗಿತ್ತು. ಪಾಠದ ಕೋಣೆ. ಗೋಡೆಯ ತುಂಬ ರಸ್ತೆಯ ಚಿಹ್ನೆಗಳು, ಕೆಂಪು ವೃತ್ತ, ಹಳದಿ ತ್ರಿಕೋನ. ಮೂಲೆಯಲ್ಲಿ ಕೀಲಿನ ಮೇಲೆ ನಿಲ್ಲಿಸಿದ ಒಂದು ಸ್ಟೀರಿಂಗ್ ಚಕ್ರ. ಕರಿಹಲಗೆಯ ಮೇಲೆ ಎಡಕ್ಕೆ ತಿರುಗುವ ಬಾಣ, ಬಲಕ್ಕೆ ತಿರುಗುವ ಬಾಣ. ಅವುಗಳ ನಡುವೆ ಒರೆಸಿ ಜಾಗ ಮಾಡಿಕೊಂಡು ಅವಳ ಇರುವೆಸಾಲಿನಂಥ ಅಕ್ಷರ. ಚಪ್ಪಲಿ ಎಲ್ಲೋ ಬಿಟ್ಟು, ಬೆಂಚಿನ ಮೇಲೆ ಕಾಲು ಮಡಿಸಿ ಕೂತು ಅವಳು ಹಲಗೆಯನ್ನು ಗದರಿಸುತ್ತಿದ್ದಳು. ನೀನು ಹಾಗೆ ಬರೋಕಾಗಲ್ಲಮ್ಮ, ಎನ್ನುತ್ತಿದ್ದಳು. ಇಲ್ಲಿ ಕೂತ್ಕೋ. ಕೂತ್ಕೋ ಅಂದ್ನಲ್ಲ. ಎದ್ದಳು, ಬರಿಗಾಲಲ್ಲಿ ಹೋಗಿ ಒಂದು ಸಾಲು ಒರೆಸಿದಳು, ಅಂಗೈಯಿಂದಲೇ, ಎರಡು ಗುರುತು ಹಾಕಿದಳು, ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು, ಮತ್ತೆ ನಕ್ಕಳು. ಅದು ಯಾರಿಗಾಗಿಯೂ ನಕ್ಕ ನಗೆಯಲ್ಲ. ಕೊರಳಿನಿಂದ ಗುಳುಗುಳು ಎಂದು ಬಂದ, ಸ್ವಲ್ಪ ಒರಟಾದ ನಗೆ. ಇಷ್ಟು ವರ್ಷದಲ್ಲಿ, ಹಾಸಿಗೆಯಲ್ಲಿ, ಊಟದ ಮೇಜಿನಲ್ಲಿ, ಗಡ್ಡ ಬಂದು ಕೂತ ಸಂಜೆಗಳಲ್ಲಿ, ಆ ನಗೆಯನ್ನು ಅವನು ಕೇಳಿರಲಿಲ್ಲ. ಅವನು ಕೋಣೆಯ ಮೂಲೆಮೂಲೆಯನ್ನೂ ಕಣ್ಣಲ್ಲಿ ಹುಡುಕಿದ. ಇನ್ನೊಂದು ಬಾಗಿಲಿರಲಿಲ್ಲ. ಮೇಜಿನ ಮೇಲೆ ಒಂದೇ ಲೋಟ ಇತ್ತು. ಆ ಒಂದೇ ಲೋಟ ಕಂಡಾಗ ಆದ ಸಂಕಟಕ್ಕೆ ಅವನು ತಯಾರಾಗಿ ಬಂದಿರಲಿಲ್ಲ.

ಅವಳು ತಿರುಗಿದಳು. ಬೆಚ್ಚಲಿಲ್ಲ. ನಗೆ ಮಾತ್ರ ಮುಖದ ಮೇಲಿಂದ ಇಳಿದು ಹೋಗಿ, ಅದರ ಜಾಗದಲ್ಲಿ ಮನೆಯಲ್ಲಿ ದಿನವೂ ಅವನು ನೋಡುವ ಮುಖ, ಒಳ್ಳೆಯ ಮುಖ, ಬಂದು ಕೂತಿತು.

"ಬನ್ನಿ," ಎಂದಳು. "ಹಣೆಗೇನಾಯ್ತು?"

ತೊಲೆ ಎಂದ. ಬೆಂಚಿನ ತುದಿಯಲ್ಲಿ ಕೂತ. ಒಬ್ಬಳೇನಾ ಎಂದು ಕೇಳಿದ್ದಕ್ಕೆ ಹೂಂ ಎಂದಳು. ಕಾರು ಕಲಿಯಲು ಬಂದಾಗ ಈ ಕೋಣೆ ನೋಡಿದ್ದು, ಶನಿವಾರ ಮಧ್ಯಾಹ್ನ ಇಲ್ಲಿ ಪಾಠವಿಲ್ಲವೆಂದು ತಿಳಿದು ಮಾಲೀಕನ ಹೆಂಡತಿಯನ್ನು ಕೇಳಿ ಬೀಗದ ಕೈ ಇಸಿದುಕೊಂಡದ್ದು, ಬಾಣ ಮಾತ್ರ ಒರೆಸಬೇಡಿ ಎಂದು ಅವರು ಹೇಳಿದ್ದು, ಎಲ್ಲವನ್ನೂ ಹೇಳಿದಳು. ಗಡ್ಡನ ಜೊತೆ ಕೂತರೆ ಈಚೆಗೆ ಯೋಚನೆ ನಿಂತುಹೋಗುತ್ತಿತ್ತಂತೆ. ಒಳ್ಳೆಯವರು, ನಾನು ಅರ್ಧ ಹೇಳುವಷ್ಟರಲ್ಲಿ ಎಷ್ಟು ಚೆನ್ನಾಗಿದೆ ಎಂದುಬಿಡುತ್ತಾರೆ, ಆಮೇಲೆ ಉಳಿದರ್ಧ ಹೊಳೆಯುವುದೇ ಇಲ್ಲ ಎಂದಳು. ಬೇಜಾರು ಮಾಡಿಕೊಳ್ಳುತ್ತಾರೆಂದು ಮನೆಯಲ್ಲಿ ಮಾಡುತ್ತೇನೆ ಎಂದು ಗಡ್ಡನಿಗೆ ಹೇಳಿದ್ದಳಂತೆ. ಅವರಿಗೆ ಗೊತ್ತಾಗಬಾರದು, ಹೇಳಬೇಡಿ ಎಂದಳು.

"ಹೋದ ಶನಿವಾರ ನಾನು ಫೋನ್ ಮಾಡ್ದಾಗ," ಎಂದ ಅವನು, "ಅವರು ನನ್ನ ಕುರ್ಚೀಲಿ ಮಲಗಿದ್ರು."

ಅವಳ ಕಿವಿಯವರೆಗೆ ಕೆಂಪೇರಿತು. ಸೀಮೆಸುಣ್ಣದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಯಾಕೆ ನನಗೆ ಸುಳ್ಳು ಎಂದು ಅವನೇ ಕೇಳಿದ. ಅವಳು ಯೋಚಿಸಿದಳು, ಲೆಕ್ಕದ ಮುಂದೆ ಕೂತಾಗ ಯೋಚಿಸುವಂತೆ, ತಪ್ಪಿಸಿಕೊಳ್ಳಲು ಅಲ್ಲ, ಸರಿಯಾಗಿ ಹೇಳಲು.

"ಒಬ್ಬಳೇ ಇರೋಕೆ ಹೋಗ್ತೀನಿ ಅಂದಿದ್ರೆ ನೀವು ಕೇಳ್ತಾ ಇರ್ತಿದ್ರಿ. ಯಾಕೆ, ಮನೇಲೇನು ಕಡಿಮೆ, ನಾನೇನು ಅಡ್ಡ ಬರ್ತೀನಾ ಅಂತ. ಅವರ ಹತ್ರ ಹೋಗ್ತೀನಿ ಅಂದ್ರೆ ಒಂದು ಮಾತೂ ಕೇಳಲ್ಲ ನೀವು. ಕೇಳಿದ್ರೆ ಎಲ್ಲಿ ಹೊಟ್ಟೆಕಿಚ್ಚು ಅಂತ ಗೊತ್ತಾಗಿಬಿಡುತ್ತೋ ಅಂತ."

"ಗೊತ್ತಿತ್ತಾ?"

"ಮೊದಲಿಂದ." ಕೈಯ ಸುಣ್ಣ ಒರೆಸಿಕೊಂಡು, "ಮೊದಮೊದಲು ಕೇಳ್ಲಿ ಅಂತಿತ್ತು ನನಗೆ," ಎಂದಳು.

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಯಂತ್ರ ಉಬ್ಬಸಪಡುತ್ತ ಉಬ್ಬಸಪಡುತ್ತ ನಿಂತಿತು. ಇಷ್ಟು ವರ್ಷ ಒಳಗೊಳಗೇ ಮುಚ್ಚಿಟ್ಟು, ಮುಚ್ಚಿಟ್ಟದ್ದಕ್ಕೆ ತನ್ನನ್ನು ತಾನೇ ದೊಡ್ಡ ಮನುಷ್ಯನೆಂದುಕೊಂಡಿದ್ದ ಸಂಗತಿಯನ್ನು ಅವಳು ಮನೆಯ ಒಂದು ಸಾಮಾನಿನಂತೆ, ಕೊಡೆಯಂತೆ, ಬೇಕಾದಾಗ ತೆಗೆದುಕೊಂಡು ಹೊರಗೆ ಹೋಗಿ ಬರುತ್ತಿದ್ದಳು. ಕೋಪ ಬರಲಿ ಎಂದು ಅವನು ಕಾದ. ಬರಲಿಲ್ಲ. ಸ್ವಲ್ಪ ಹೊತ್ತು ಕೂತಿರಲಾ, ನೀನು ಮಾಡ್ಕೋ ಎಂದ. ಖಂಡಿತ ಕೂತ್ಕೊಳ್ಳಿ ಎಂದಳು. ಎದ್ದು ಹಲಗೆಯ ಮುಂದೆ ನಿಂತಳು, ಬರೆಯಲು ಕೈಯೆತ್ತಿದಳು, ಇಳಿಸಿದಳು. ಆಮೇಲೆ ಅವನತ್ತ ತಿರುಗಿ, ದಯೆಯಿಂದ, ನಿಧಾನವಾಗಿ, ಇದೇನು ಗೊತ್ತಾ ಎಂದು ಆರಂಭಿಸಿದಳು. ಕಲಿಯದವರಿಗೆ ಕಲಿಸುವ ದನಿ. ಹೆದರಿದ ರೋಗಿಗೆ ಏನೂ ಆಗಲ್ಲ ಎನ್ನುವಾಗ ಅವನದೇ ದನಿ ಹೀಗಿರುತ್ತಿತ್ತು. ಅವನು ತಲೆಯಾಡಿಸುತ್ತ ಕೇಳಿದ. ಎಂದೋ ಒಂದು ಸಂಜೆ ಕೇಳಬೇಕಾಗಿದ್ದುದನ್ನು ಈಗ ಕಿವಿಗೊಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದ, ಒಂದಕ್ಷರವೂ ಒಳಗಿಳಿಯಲಿಲ್ಲ. ತಾನು ಇಲ್ಲಿ ಕೂತಿರುವಷ್ಟು ಹೊತ್ತು ಆ ಗುಳುಗುಳು ನಗೆ ಈ ಕೋಣೆಗೆ ಬರಲಾರದು ಎಂಬುದೊಂದು ಮಾತ್ರ ಸ್ಪಷ್ಟವಾಗಿ ತಿಳಿಯುತ್ತಿತ್ತು. ಗಡ್ಡನಿಗಿಂತ ಹೆಚ್ಚಾಗಿ ಈ ಬೆಂಚಿನ ಮೇಲೆ, ಎಡಬಲದ ಬಾಣಗಳ ಮೇಲೆ, ಅವಳು ಗದರಿಸಿ ಕೂರಿಸಿದ ಆ ಯಾವುದೋ ಗುರುತಿನ ಮೇಲೆ ಅವನ ಹೊಟ್ಟೆ ಉರಿಯಿತು. ಒಬ್ಬ ರೋಗಿ ಬರುವವರಿದ್ದಾರೆ ಎಂದು ಎದ್ದ. ಶನಿವಾರ ಮಧ್ಯಾಹ್ನ ರೋಗಿಗಳು ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ತೊಲೆ, ತಲೆ ಬಗ್ಗಿಸಿ ಎಂದಳು. ಮೆಟ್ಟಿಲಿಳಿದು ಟೈರುಗಳ ನಡುವೆ ನಿಂತು, ನಾಚಿಕೆಬಿಟ್ಟು, ಮೇಲಕ್ಕೆ ಕಿವಿಕೊಟ್ಟ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅಂಗಡಿಯವನು ಏನು ಬೇಕು ಸಾರ್ ಎಂದಾಗ ಹೊರಟ.

ಸೋಮವಾರ ಗಡ್ಡ ಹೊಲಿಗೆ ತೆಗೆಸಿಕೊಳ್ಳಲು ಬಂದ. ಊತ ಇಳಿದು ಮುಖ ಮತ್ತೆ ಅವನದಾಗಿತ್ತು, ಸ್ವಲ್ಪ ಸೊರಗಿತ್ತು. ಗಾಯ ಚೆನ್ನಾಗಿ ಮಾಗಿದೆಯೋ ಇಲ್ಲವೋ ನೋಡುವ ಮೊದಲೇ ಕ್ಷಮೆ ಕೇಳಬೇಕೆಂದು, ಆ ದಿನ ಕೈ ಎತ್ತಿದ್ದನ್ನು ನೋಡಿದ್ದೆ ಎಂದು ಹೇಳಬೇಕೆಂದು ಅವನು ಬೆಳಿಗ್ಗೆಯಿಂದ ಅಂದುಕೊಂಡಿದ್ದ. ಗಡ್ಡನೇ ಮೊದಲು ಮಾತೆತ್ತಿದ. ಹೋದ ಸಲ ನೋವಿನ ಮಂಪರಿನಲ್ಲಿ ಏನೇನೋ ಮಾತಾಡಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ. ಅವಳು ಮನೆಯಲ್ಲಿ ಕೆಲಸ ಮಾಡುವುದು ತನಗೆ ಸಂತೋಷವೇ ಎಂದ. ಹಾಗೆ ಹೇಳುವಾಗ ಅವನ ಕಣ್ಣು ಕಾಯುವ ಕೋಣೆಯ ಗೋಡೆಯತ್ತ ಹೋಗಿ ಬಂತು.

"ಹೌದು, ಶನಿವಾರ ಮನೇಲೇ ಇರ್ತಾಳೆ," ಎಂದ ಅವನು. ಹೇಳಬೇಡಿ ಎಂದು ಅವಳು ಕೇಳಿಕೊಂಡಿದ್ದಳು; ಇಷ್ಟು ಹೇಳಿದರೆ ಸಾಕಾಗಿತ್ತು. "ನಾನೂ ಕ್ಲಿನಿಕ್ ಮುಚ್ಚಿರ್ತೀನಲ್ಲ. ಕೂತು ಎಲ್ಲ ಹೇಳ್ತಾಳೆ. ತಪ್ಪಿದ್ದು, ಸರಿಯಾಗಿದ್ದು, ಎಲ್ಲ."

ಗಡ್ಡ ತಲೆಯಾಡಿಸಿದ. ತುಂಬ ಹಿಂದೆಯೇ ಊಹಿಸಿದ್ದವನಂತೆ, ಅದು ಹಾಗೇ ಇರಬೇಕಾದ್ದು ಎಂಬಂತೆ ಆಡಿಸಿದ. ನೋಯಿಸಿದ್ದು ನಾಟಿತು ಎಂದು ಅವನಿಗೆ ತಿಳಿಯಿತು. ತಿಳಿದು, ಬಾಯೊಳಗೆ ಒಂದು ಕೆಟ್ಟ ಸಿಹಿ ಬಂತು. ಆದರೆ ಗಡ್ಡ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಕುರ್ಚಿಯಿಂದ ಅರ್ಧ ಎದ್ದು ಅವನ ಮುಂಗೈ ಹಿಡಿದುಕೊಂಡ. ವಾರವೆಲ್ಲ ರಜೆಯಲ್ಲಿ ಕೂತು ಅವಳ ಹೊಸ ಲೇಖನವನ್ನೇ ಓದುತ್ತಿದ್ದನಂತೆ, ಅವಳೊಬ್ಬಳ ಹೆಸರಲ್ಲೇ ಬಂದದ್ದನ್ನು. ಕೊನೆಗೆ ಬರುವ ಮೊದಲು ಒಂದು ಕಡೆ ಅವಳು ಹೊಸ್ತಿಲು ದಾಟಿದಷ್ಟು ಸುಲಭವಾಗಿ ಈ ಕಡೆಯಿಂದ ಆ ಕಡೆಗೆ ಹೋಗಿಬಿಡುತ್ತಾಳಂತೆ. ಅದು ಸರಿಯೇ ಎಂಬುದನ್ನು ಯಂತ್ರವೂ ಒಪ್ಪುತ್ತದೆ, ತಾನೂ ಒಪ್ಪುತ್ತೇನೆ, ಆದರೆ ಅಲ್ಲಿಗೆ ಹೇಗೆ ಹೋದಳು ಎಂಬುದು ಎಷ್ಟು ತಲೆ ಕೆರೆದುಕೊಂಡರೂ ಗೊತ್ತಾಗುತ್ತಿಲ್ಲ ಎಂದ. ಅವಳನ್ನೇ ಕೇಳಲು ನಾಚಿಕೆ. ಬೇರೆ ಯಾರನ್ನು ಕೇಳುವುದು.

"ನಿಮಗೆ ಹೇಳಿರ್ತಾರಲ್ಲ," ಎಂದ. "ಹೇಗೆ ಹೊಳೀತಂತೆ ಡಾಕ್ಟ್ರೇ? ಒಂದು ಮಾತು ಹೇಳಿದ್ರೆ ಸಾಕು, ಉಳಿದದ್ದು ನಾನು ನೋಡ್ಕೋತೀನಿ."

ನರ್ಸಮ್ಮ ಕತ್ತರಿಯನ್ನು ಚಾಚಿ ನಿಂತಿದ್ದಳು. ಅವನು ದೀಪವನ್ನು ಕೆಳಗೆ ಎಳೆದುಕೊಂಡ. ಬೆಳಕು ಗಡ್ಡನ ಮುಖದ ಮೇಲೆ ಬಿತ್ತು. ವಯಸ್ಸಾದ, ಬೋಳಿಸಿಕೊಂಡ, ಹಸಿದ ಮುಖ.

"ಬಾಯಿ ತೆಗೀರಿ," ಎಂದ.

ಗಡ್ಡ ಅವನ ಮುಖದಿಂದ ಕಣ್ಣು ಕೀಳದೆ, ಉತ್ತರಕ್ಕೆ ಕಾಯುತ್ತಲೇ, ಬಾಯಿ ತೆರೆದ.